ಸಭೆಯ ನಡಾವಳಿ ಬರೆಯುವ ಯಂತ್ರಕ್ಕೆ ಶಿರೂರಿನ ಮಾತು ತಿಳಿದೀತೇ?



ಸಭೆಗೆ ಇನ್ನು ಗುಮಾಸ್ತ ಬೇಕಾಗಿಲ್ಲವಂತೆ! ಯಾವ ದಿನ, ಎಷ್ಟು ಗಂಟೆಗೆ, ಯಾರು ಯಾರು ಬರಬೇಕು ಎಂದು ಯಂತ್ರವೇ ಗೊತ್ತು ಮಾಡುತ್ತದೆ. ಸಭೆಯ ಮಾತೆಲ್ಲ ಕೇಳಿ, ಎಲ್ಲರೂ ಏಳುವಷ್ಟರಲ್ಲಿ ನಡಾವಳಿ ಬರೆದು ಮೊಬೈಲಿಗೆ ಕಳಿಸುತ್ತದೆ. ಇದಕ್ಕೆ ಎಐ ಸಹಾಯಕ ಎಂದು ಹೆಸರು. ಬೆಂಗಳೂರಿನ ಕಂಪನಿಯಲ್ಲಿ ದುಡಿಯುತ್ತ, ಊರಿಗೆ ಬಂದಾಗ ಮನೆಯ ಜಗಲಿಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂರುವ ನಮ್ಮ ಹುಡುಗ ಹುಡುಗಿಯರಿಗೆ ಇದು ಹೊಸತಲ್ಲ. ಕೆಲಸ ಹಗುರವಾಗುವುದಾದರೆ ಆಗಲಿ. ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಈ ಹೊಸ ಗುಮಾಸ್ತನಿಗೆ ಬರುವ ಭಾಷೆ ಯಾವುದು?

ಗೂಗಲ್ ಸಂಸ್ಥೆಯ ಜೆಮಿನೈ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಅದರ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಇತ್ತು. ಸಂತೋಷ. ಎರಡೇ ತಿಂಗಳ ನಂತರ ಅದೇ ಸಂಸ್ಥೆ ತನ್ನ ಮೀಟ್ ಸಭೆಗಳಿಗೆ ಟಿಪ್ಪಣಿ ಬರೆಯುವ ವ್ಯವಸ್ಥೆ ತಂದಾಗ ಅದಕ್ಕೆ ತಿಳಿಯುತ್ತಿದ್ದದ್ದು ಇಂಗ್ಲಿಷ್ ಮಾತ್ರ! ಹರಟೆಗೆ ಕನ್ನಡ, ದಾಖಲೆಗೆ ಇಂಗ್ಲಿಷ್. 1963ರಲ್ಲಿ ರಾಜಭಾಷಾ ಕಾಯ್ದೆ ಬಂದ ಮೇಲೂ ದಶಕಗಟ್ಟಲೆ ನಾವು ಕಡತಗಳ ಮುಂದೆ ನಿಂತು ಕೂಗಿದ್ದು ಈ ತಾರತಮ್ಯದ ವಿರುದ್ಧವೇ ಅಲ್ಲವೇ?

ಕಂಪನಿಯ ಮಾತು ಅತ್ತ ಇರಲಿ. ಈ ಗುಮಾಸ್ತ ಈಗ ಪಂಚಾಯತ್ ಮೆಟ್ಟಿಲು ಹತ್ತಿದ್ದಾನೆ. 2025ರ ಆಗಸ್ಟ್ 14ರಂದು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ‘ಸಭಾಸಾರ್’ ಎಂಬುದನ್ನು ಹೊರತಂದಿತು. ಗ್ರಾಮಸಭೆಯ ವಿಡಿಯೊ, ಧ್ವನಿ ಕೊಟ್ಟರೆ ನಡಾವಳಿ ತಾನೇ ಸಿದ್ಧವಾಗುತ್ತದೆ. ಮೊದಲು ಹೊರಟದ್ದು ತ್ರಿಪುರಾದಲ್ಲಿ. ಮಾತನ್ನು ಬರಹಕ್ಕಿಳಿಸುವ, ಭಾಷಾಂತರಿಸುವ ಕೆಲಸ 2022ರಲ್ಲಿ ಆರಂಭವಾದ ಕೇಂದ್ರದ ‘ಭಾಷಿಣಿ’ಯದು. ಇದು ನಮ್ಮ ಬಾಗಿಲಿನ ಮಾತೂ ಹೌದು. ಈಗಲೇ ಮಾತಾಡೋಣ.

ಗ್ರಾಮಸಭೆಯ ನಡಾವಳಿ ಎಂದರೆ ಬರೀ ಕಾಗದವೇ? ಯಾರಿಗೆ ಮನೆ, ಯಾವ ಕೇರಿಗೆ ನೀರು, ಯಾವ ರಸ್ತೆಗೆ ಮೋರಿ, ಎಲ್ಲ ಅದರಲ್ಲಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ಸೇರಲೇಬೇಕು. ಅಲ್ಲಿ ನೀವು ಗಂಟಲು ಹರಿಯುವಂತೆ ಆಡಿದ ಮಾತು ನಡಾವಳಿಗೆ ಬರಲಿಲ್ಲವೋ, ನೀವು ಆಡಲೇ ಇಲ್ಲ! ಆಮೇಲೆ ತಾಲ್ಲೂಕು ಕಚೇರಿಯೂ ಕೋರ್ಟೂ ನೋಡುವುದು ಆ ಕಾಗದವನ್ನೇ.

ಈಗ ನಮ್ಮ ಶಿರೂರನ್ನೇ ನೋಡಿ. ಬೈಂದೂರು ತಾಲ್ಲೂಕು, ಉಡುಪಿ ಜಿಲ್ಲೆಯ ಬಡಗಣ ತುದಿ, ದಾಟಿದರೆ ಭಟ್ಕಳ. ಊರಿನ ಬಾಯಿಮಾತು ಕುಂದಾಪ್ರ ಕನ್ನಡ. ಮನೆಯೊಳಗೆ ಕೊಂಕಣಿ, ನವಾಯತಿ, ಉರ್ದು ಆಡುವವರೂ ನಾಲ್ಕು ಜನರ ನಡುವೆ ಬಂದರೆ ಕನ್ನಡಕ್ಕೆ ಹೊರಳುತ್ತಾರೆ. ಅಲ್ಲಿ ಒಬ್ಬರು ‘ನಾಡ್ದ್ ಬತ್ತೆ’ ಎಂದರೆ ಮಕ್ಕಳಿಗೂ ತಿಳಿಯುತ್ತದೆ. ಯಂತ್ರಕ್ಕೆ? ಪುಸ್ತಕದ ಕನ್ನಡ, ಟಿವಿಯ ಕನ್ನಡ ಮಾತ್ರ ಕೇಳಿ ಬೆಳೆದ ಯಂತ್ರ ‘ನಾಡ್ದ್’ ಎಂಬುದನ್ನು ನಾಡಿದ್ದು ಎಂದು ಬರೆಯದೆ ನಾಡು ಎಂದು ಬರೆದರೆ ಸಭೆಯ ದಿನವೇ ಹಾರಿಹೋಯಿತು! ದಿನ ಗೊತ್ತು ಮಾಡಲೆಂದೇ ಬಂದವನಿಗೆ ನಾಡಿದ್ದು ಯಾವುದೆಂದು ತಿಳಿಯದಿದ್ದರೆ ನಾವು ಹೋಗಿ ಬೀಗ ಹಾಕಿದ ಬಾಗಿಲು ನೋಡಿ ಬರಬೇಕಷ್ಟೆ.

ಊರಿನ ಹೆಸರೂ ಹಾಗೆಯೇ. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು. ಅದೂ ಹೆದ್ದಾರಿ 66ರಲ್ಲಿ, ನಮ್ಮದೂ ಹೆದ್ದಾರಿ 66ರಲ್ಲಿ. ಉಡುಪಿಯ ಅಷ್ಟಮಠಗಳಲ್ಲಿ ಒಂದರ ಹೆಸರೂ ಶಿರೂರು. ಮನುಷ್ಯನಾದರೆ “ಯಾವ ಶಿರೂರು ಮಾರಾಯ್ರೆ?” ಎಂದು ಕೇಳಿಯಾನು. ಯಂತ್ರ ಕೇಳದೆಯೇ ಒಂದನ್ನು ಆರಿಸಿ ಬರೆದುಬಿಟ್ಟರೆ ತಿದ್ದುವವರು ಯಾರು?

ಕನ್ನಡದಿಂದ ಇದಾಗದು ಎನ್ನುವವರ ಬಾಯಿಗೆ ಉತ್ತರ ಇದೇ ಕರಾವಳಿಯಲ್ಲಿದೆ. ಗಣಕದಲ್ಲಿ ಕನ್ನಡ ಟೈಪು ಮಾಡುವುದೇ ಕಷ್ಟವೆನ್ನುತ್ತಿದ್ದ ಕಾಲದಲ್ಲಿ ಅದಕ್ಕೆ ಕೀಲಿಮಣೆ ಹೊಂದಿಸಿಕೊಟ್ಟವರು ಕಿನ್ನಿಕಂಬಳ ಪದ್ಮನಾಭ ರಾವ್. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’, ನಮ್ಮ ಕರಾವಳಿಯ ಹಿರಿಯ ವಿದ್ವಾಂಸರ ಹೆಸರು! ಕೈಬರಹಕ್ಕೆ ಆದದ್ದು ಬಾಯಿಮಾತಿಗೆ ಏಕೆ ಆಗದು? ಭಾಷಿಣಿಯಲ್ಲೇ ‘ಭಾಷಾದಾನ’ ಎಂಬ ಬಾಗಿಲಿದೆ. ಜನ ತಮ್ಮ ಧ್ವನಿ ಕೊಡಬಹುದು. ಆದರೆ ಇದನ್ನು ಬರೀ ಉತ್ಸಾಹಿಗಳ ತಲೆಗೆ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಕುಂದಾಪ್ರ, ಹವ್ಯಕ, ಧಾರವಾಡ, ಕಲಬುರಗಿಯ ಮಾತುಗಳನ್ನು ಸಂಗ್ರಹಿಸಿ ಯಂತ್ರಕ್ಕೆ ಕಲಿಸುವ ಕೆಲಸಕ್ಕೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಹಣ ಕೇಳಲಿ, ಸರ್ಕಾರ ಕೊಡಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಕಪಾಟಿನಲ್ಲಿಡಲು ಮಾಡಿದ್ದೇ?

ಅಲ್ಲಿಯವರೆಗೆ ನಮ್ಮ ಒತ್ತಾಯ ಇಷ್ಟು. ಯಾವ ಯಂತ್ರ ಬರೆದರೂ ನಡಾವಳಿ ಮೊದಲು ಕನ್ನಡದಲ್ಲಿರಬೇಕು. ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ತಿರುಗಿಸಿದ ಕನ್ನಡ ಬೇಡ. ಸಭೆಯ ಮೂಲ ಧ್ವನಿ ಪಂಚಾಯತ್‌ನಲ್ಲಿ ಉಳಿಯಬೇಕು, ಕೇಳಿದವರಿಗೆ ಕೇಳಿಸಬೇಕು. ಓದುಗರೇ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಮುಗಿಯುವ ಮುನ್ನ ಎದ್ದು ನಿಂತು, ಬರೆದದ್ದನ್ನು ಗಟ್ಟಿಯಾಗಿ ಓದಿ ಎಂದು ಪಿಡಿಒ ಅವರನ್ನು ಕೇಳಿ. ನಿಮ್ಮ ಮಾತು ಅದರಲ್ಲಿ ಇಲ್ಲದಿದ್ದರೆ ಅಲ್ಲೇ ಬರೆಸಿ, ಆಮೇಲೆ ಮನೆಗೆ ಹೊರಡಿ.