‘ಒಲ್ಲೆ’ ಎಂಬ ಮಾತು

ನಮ್ಮವರಲ್ಲಿ ಮಕ್ಕಳನ್ನು ಹೊಗಳುವ ಮಾತೊಂದುಂಟು: ‘ಬಲು ಸಾಧು, ಹಿರಿಯರಿಗೆ ಎದುರಾಡಿದ್ದೇ ಇಲ್ಲ.’ ಈ ಹೊಗಳಿಕೆಯೇ ಮಗುವಿಗೆ ಶತ್ರುವೆಂದರೆ ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೂ ಹೇಳದೆ ವಿಧಿಯಿಲ್ಲ.

ಮನೆಗೆ ನೆಂಟರೊಬ್ಬರು ಬರುತ್ತಾರೆ. ಮಗುವನ್ನು ಸೆಳೆದು ತೊಡೆಯ ಮೇಲೆ ಕೂರಿಸಿಕೊಂಡು ಕೆನ್ನೆ ಹಿಂಡುತ್ತಾರೆ. ಮಗು ಕೊಸರಾಡುತ್ತದೆ. ‘ಮಾವ ಕರೆದರೆ ಹೋಗಬಾರದೇ?’ ಎಂದು ತಾಯಿಯೇ ಗದರುತ್ತಾಳೆ. ನೆಂಟರ ಮನಸ್ಸು ನಿರ್ಮಲವಾಗಿರಬಹುದು. ಆದರೆ ಆ ಗಳಿಗೆಯಲ್ಲಿ ಮಗು ಕಲಿತ ಪಾಠವಾವುದು? ತನ್ನ ಮೈ ತನ್ನದಲ್ಲ, ತನ್ನ ಅಸಮ್ಮತಿಗೆ ಬೆಲೆಯಿಲ್ಲ ಎಂಬುದಷ್ಟೆ. ಈ ಪಾಠವನ್ನು ನಾವು ಸಜ್ಜನರಿಗಾಗಿ ಕಲಿಸುತ್ತೇವೆ. ಅದರ ಫಲವನ್ನು ದುರ್ಜನರು ಉಣ್ಣುತ್ತಾರೆ.

ಇದು ಉತ್ಪ್ರೇಕ್ಷೆಯಲ್ಲ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ ಮಕ್ಕಳನ್ನು ವಿಚಾರಿಸಿ 2007ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ನೂರಕ್ಕೆ 53 ಮಕ್ಕಳು ತಾವು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದಾಗಿ ತಿಳಿಸಿದ್ದರು. ಅಪರಾಧಿಗಳಲ್ಲಿ ಅರ್ಧದಷ್ಟು ಮಂದಿ ಮಗುವಿನ ಪರಿಚಿತರು, ನಂಬಿಕೆಗೆ ಪಾತ್ರರಾದವರು. ಹೆಚ್ಚಿನ ಮಕ್ಕಳು ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. 2012ರಲ್ಲಿ ಪೋಕ್ಸೊ ಕಾಯಿದೆ ಬಂದಿತು. ಇಂತಹ ಕೃತ್ಯವನ್ನು ಅರಿತವರು ಪೊಲೀಸರಿಗೆ ತಿಳಿಸಲೇಬೇಕೆಂದು ವಿಧಿಸಿತು. 1098 ಎಂಬ ಸಹಾಯವಾಣಿಯೂ ಉಂಟು. ಆದರೆ ಮಗುವಿನ ಬಾಯಿಯನ್ನು ನಾವೇ ಹೊಲಿದಿಟ್ಟ ಮೇಲೆ, ಕಾನೂನಿನ ಕಿವಿ ಎಷ್ಟು ಚುರುಕಾಗಿದ್ದರೇನು?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಹಿರಿಯರು ಆಕ್ಷೇಪಿಸುವರು. ಒಪ್ಪಿದೆವು. ಆದರೆ ಗಿಡವಾಗಿ ನೆಟ್ಟಗೆ ನಿಲ್ಲದ್ದು ಮರವಾಗಿ ನಿಂತೀತೇ? ಮಕ್ಕಳು ಉದ್ಧಟರಾಗುವರೆಂಬ ಭಯವೂ ಬೇಡ. ಮುದಿಗೋವುಗಳನ್ನು ದಾನವೀಯುತ್ತಿದ್ದ ತಂದೆಯನ್ನು ‘ನನ್ನನ್ನು ಯಾರಿಗೆ ಕೊಡುವೆ’ ಎಂದು ಮೂರು ಸಲ ಕೇಳಿದ ನಚಿಕೇತನು ಉದ್ಧಟನೇ? ಕಥೆಯಲ್ಲಿ ಆತನನ್ನು ಕೊಂಡಾಡುವ ನಾವು, ಪಡಸಾಲೆಯಲ್ಲಿ ಪ್ರಶ್ನಿಸಿದ ಮಗುವಿಗೆ ‘ಬಾಯಿ ಮುಚ್ಚು’ ಎನ್ನುತ್ತೇವೆ! ಗಟ್ಟಿಯಾಗಿ ಹೇಳುವುದು ಬೇರೆ, ಒರಟಾಗಿ ಹೇಳುವುದು ಬೇರೆ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದೂ ಹಿರಿಯರ ಗಾದೆಯೇ.

ಮಾಡಬೇಕಾದುದು ದೊಡ್ಡದಲ್ಲ. ನೆಂಟರಿಗೆ ಮಗು ಕೈಮುಗಿದರೆ ಸಾಕು. ಅಪ್ಪುಗೆ ಅದರ ಇಷ್ಟಕ್ಕೆ ಸೇರಿದ್ದು. ಬೇಡವಾದಾಗ ‘ಒಲ್ಲೆ’ ಎನ್ನಲು, ದೂರ ಸರಿಯಲು, ನಂಬುವವರು ಸಿಗುವ ತನಕ ಹೇಳುತ್ತಲೇ ಇರಲು ಕಲಿಸತಕ್ಕದ್ದು. ಹೆದರಿ ಬಾಯಿ ಬಾರದೆ ಹೋದರೆ ತಪ್ಪು ಮಗುವಿನದಲ್ಲವೆಂಬುದನ್ನೂ ಅದಕ್ಕೆ ತಿಳಿಸತಕ್ಕದ್ದು. ಇಷ್ಟನ್ನು ಬಾಯಲ್ಲಿ ಕಲಿಸಿ ನಡತೆಯಲ್ಲಿ ತಪ್ಪಿದರೆ ವ್ಯರ್ಥ. ಮನೆಯಲ್ಲಿ ಮನ್ನಣೆ ಪಡೆಯದ ‘ಒಲ್ಲೆ’ ಹೊರಗೆ ನಾಲಗೆಗೆ ಬಾರದು.

ಮೂಕತನವನ್ನು ವಿನಯವೆಂದು ಕರೆದುದು ಸಾಕು. ವಿನಯವು ಮಾತು ಬಲ್ಲವರಿಗೆ ಭೂಷಣ. ಮಾತನ್ನೇ ಕಳೆದುಕೊಂಡ ಮಗುವಿಗೆ ಅದು ಸಂಕೋಲೆ.