ನಾವಿಕನ ಭಕ್ಷೀಸು

ಗ್ರೀಸ್ ದೇಶದ ದ್ವೀಪಗಳ ನಡುವೆ ವಿಹರಿಸಲು ಬೇಸಗೆಯಲ್ಲಿ ಹಾಯಿದೋಣಿಗಳು ವಾರದ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುತ್ತವೆ. ದೋಣಿ ನಡೆಸುವ ಪರವಾನಗಿಯಿಲ್ಲದವರು ಸ್ಕಿಪ್ಪರ್ ಎಂಬ ನಾವಿಕನನ್ನೂ ಗೊತ್ತುಮಾಡಿಕೊಳ್ಳಬೇಕು. ಆತನ ದಿನಗೂಲಿ ಬಾಡಿಗೆಗೆ ಹೊರತಾದುದು; ಊಟವೂ ಮಲಗುವ ತಾವೂ ಬಾಡಿಗೆದಾರರ ಹೊಣೆ. ಇದರ ಮೇಲೆ ಕಡೆಯ ದಿನ ಭಕ್ಷೀಸು. ಸಿಬ್ಬಂದಿಯೊಡನೆ ಬರುವ ದೊಡ್ಡ ವಿಹಾರನೌಕೆಗಳಲ್ಲಿ ಬಾಡಿಗೆಯ ನೂರಕ್ಕೆ 5ರಿಂದ 15ರವರೆಗೆ ಕೊಡುವ ರೂಢಿ ಮೆಡಿಟರೇನಿಯನ್ ಕಡಲಿನಲ್ಲುಂಟು. ಒಬ್ಬನೇ ನಾವಿಕನಿರುವ ಸಣ್ಣ ದೋಣಿಯಲ್ಲಿ ಅದು ಕೊಡುವವರ ಮನಸ್ಸಿಗೆ ಬಿಟ್ಟದ್ದು. ತೊಡಕು ಇಲ್ಲಿಯೇ.

ಈಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉತ್ತರದಿಂದ ಮೆಲ್ಟೆಮಿ ಎಂಬ ಬಿರುಗಾಳಿ ಬೀಸುತ್ತದೆ. ಎಷ್ಟೋ ಸಲ ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ. ನೀರು ಮಾತ್ರ ಕುದಿಯುತ್ತಿರುತ್ತದೆ. ಬಂದರಿನ ಮರೆಯಲ್ಲಿ ಕಾಫಿ ಕುಡಿಯುವವರಿಗೆ ಅದೊಂದು ಸೊಗಸಾದ ದಿನ! "ಇಂದು ಹೊರಡುವುದು ಬೇಡ" ಎಂದು ನಾವಿಕನು ಹೇಳಿದರೆ, ಸಾವಿರಾರು ಯೂರೋ ಸುರಿದು ಬಂದವರ ಮುಖ ಸಪ್ಪಗಾಗುತ್ತದೆ. ಸೋಮಾರಿ ಎಂದೂ ಅಂದಾರು. ಆ ಕೋಪವೆಲ್ಲ ಕಡೆಗೆ ಭಕ್ಷೀಸಿನ ಮೇಲೆ ತೀರುತ್ತದೆ. ಹೀಗಾದರೆ ಮರುವಾರ 'ಬೇಡ' ಎಂಬ ಮಾತು ಆ ಬಡಪಾಯಿಯ ಗಂಟಲಲ್ಲೇ ಉಳಿಯದಿರುವುದೆ? ಅದು ಉಳಿದ ದಿನ ಅಪಾಯಕ್ಕೆ ಸಿಲುಕುವವರು ದೋಣಿಯಲ್ಲಿರುವ ಎಲ್ಲರೂ.

ಭಕ್ಷೀಸೇ ಬೇಡವೆನ್ನುವವರುಂಟು. ನಾನು ಅಷ್ಟು ದೂರ ಹೋಗಲಾರೆ; ಬೆಳಗಿನಿಂದ ರಾತ್ರಿಯವರೆಗೆ ಅಪರಿಚಿತರ ನಡುವೆ ದುಡಿದವನಿಗೆ ಸಂತೋಷದಿಂದ ಕೊಟ್ಟರೆ ತಪ್ಪೇನು? ಆದರೆ ಬಂದರಿನಲ್ಲಿ ನಿಂತ ದಿನಗಳನ್ನು ಅದರಲ್ಲಿ ಕಳೆಯಬಾರದು. ಮೊತ್ತವನ್ನು ಹೊರಡುವ ಮುನ್ನವೇ ತಮ್ಮೊಳಗೆ ನಿಶ್ಚಯಿಸಿ, ಲಕೋಟೆಯಲ್ಲಿಟ್ಟು, ಕಡೆಯ ದಿನ ಅವನ ಕೈಗೇ ಕೊಡಲಿ.