ಮೊದಲು ಕಾಪಿ, ಆಮೇಲೆ ರಿಪೇರಿ

ಪ್ರಾಜೆಕ್ಟ್ ವೈವಾಗೆ ಎರಡು ದಿನ ಬಾಕಿ ಇತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಗೆಳೆಯನೊಬ್ಬ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಿಡ್ಕೊಂಡು ನಮ್ಮ ಹಾಸ್ಟೆಲ್ ರೂಮಿಗೆ ಬಂದ. "ಮಗಾ, ಕೆಲವು ಫೈಲ್ ಓಪನ್ ಆಗುತ್ತೆ, ಕೆಲವು ಕಾಪಿ ಮಾಡಕ್ಕೆ ಹೋದ್ರೆ ಎರರ್ ಬರ್ತಿದೆ" ಅಂದ. ರೂಮಲ್ಲಿ ಐದು ಜನ ಇದ್ದೆವು, ಐದು ಸಲಹೆ ಬಂತು. ಗೆದ್ದಿದ್ದು ಚೆಕ್‌ಡಿಸ್ಕ್. ಸ್ಲ್ಯಾಷ್ ಆರ್ ಹಾಕಿ ಎಂಟರ್ ಒತ್ತಿ, ಏನೋ ಸಾಧಿಸಿದವರ ಹಾಗೆ ಟೀ ಕುಡಿಯಕ್ಕೆ ಹೋದೆವು. ಬೆಳಗಿನ ಜಾವ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡ್ತಿತ್ತು. ಬೆಳಗಾಗೋ ಹೊತ್ತಿಗೆ ಯಾವ ಲ್ಯಾಪ್‌ಟಾಪಿಗೆ ಹಾಕಿದರೂ ಕಾಣಿಸಲಿಲ್ಲ.

ಕೋಡ್ ಗಿಟ್‌ಹಬ್‌ನಲ್ಲಿತ್ತು, ರಿಪೋರ್ಟ್ ಮೇಲ್‌ನಲ್ಲಿತ್ತು. ಆದರೆ ಊರಿನ ಹೊಲದಲ್ಲಿ ಸೆನ್ಸರ್ ನೆಟ್ಟು ಮೂರು ತಿಂಗಳು ಹಿಡಿದ ಮಣ್ಣಿನ ತೇವಾಂಶದ ರೀಡಿಂಗ್‌ಗಳು ಅದೊಂದೇ ಡಿಸ್ಕ್‌ನಲ್ಲಿದ್ದವು. ಕೋಡ್ ಮತ್ತೆ ಬರೀಬಹುದು. ಕಳೆದುಹೋದ ಮಳೆಗಾಲವನ್ನು ಮತ್ತೆ ಅಳೆಯೋದು ಹೇಗೆ?

ನಾವು ಮುಟ್ಟದೇ ಇದ್ದಿದ್ದರೂ ಆ ಡಿಸ್ಕ್ ಸಾಯುತ್ತಿತ್ತೋ ಏನೋ. ಆದರೆ ನಮ್ಮ ರೂಮಿಗೆ ಬಂದಾಗ ಅದು ಇನ್ನೂ ಓದುತ್ತಿತ್ತು. ಆ ಹೊತ್ತಿನಲ್ಲಿ ಮಾಡಬೇಕಾಗಿದ್ದು ಒಂದೇ ಕೆಲಸ, ಕಾಪಿ. ನಾವು ಮಾಡಿದ್ದು ರಿಪೇರಿ. ನಮ್ಮ ಕ್ಯಾಂಪಸ್‌ನಲ್ಲಿ ಈ ತಪ್ಪು ದಿನಾ ನಡೆಯುತ್ತೆ ಅನ್ನೋದು ನಮ್ಮ ತಕರಾರು.

ಚೆಕ್‌ಡಿಸ್ಕ್ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಬರೀ ಚೆಕ್‌ಡಿಸ್ಕ್ ಅಂತ ಕೊಟ್ಟರೆ ಅದು ನೋಡುತ್ತೆ ಅಷ್ಟೇ, ಏನನ್ನೂ ಬದಲಿಸಲ್ಲ. ಸ್ಲ್ಯಾಷ್ ಎಫ್ ಕೊಟ್ಟರೆ ಫೈಲ್ ಸಿಸ್ಟಮ್ ತಿದ್ದುತ್ತೆ, ಅಂದರೆ ಡಿಸ್ಕ್ ಮೇಲೆ ಬರೆಯುತ್ತೆ. ಸ್ಲ್ಯಾಷ್ ಆರ್ ಆ ಕೆಲಸದ ಜೊತೆಗೆ ಕೆಟ್ಟ ಸೆಕ್ಟರ್ ಹುಡುಕುತ್ತಾ ಡಿಸ್ಕ್ ಪೂರ್ತಿ ಓದುತ್ತೆ. ಅದರ ಗುರಿ ಫೈಲ್ ಸಿಸ್ಟಮ್ ಲೆಕ್ಕ ಸರಿಹೊಂದಿಸೋದು, ನಿಮ್ಮ ಫೈಲ್ ಉಳಿಸೋದಲ್ಲ. ಇಜೆಕ್ಟ್ ಮಾಡದೆ ಕಿತ್ತ ಪೆನ್‌ಡ್ರೈವ್‌ಗೆ ಅದು ಒಳ್ಳೇ ಮದ್ದು. ಹಾರ್ಡ್‌ವೇರೇ ಹಾಳಾಗ್ತಿರೋ ಡಿಸ್ಕ್‌ಗೆ ಮಾತ್ರ, ಎದೆನೋವು ಅಂದವನನ್ನು ಮೆಟ್ಟಿಲು ಹತ್ತಿಸಿದ ಹಾಗೆ.

ಎರರ್ ಮೆಸೇಜ್ ಒಂದೇ ಥರ ಇದ್ದರೂ ಕಾರಣ ಮೂರು ಕಡೆ ಇರಬಹುದು: ದಾರಿ, ಮಾಧ್ಯಮ, ಫೈಲ್ ಸಿಸ್ಟಮ್. ದಾರಿ ಅಂದರೆ ಕೇಬಲ್, ಪೋರ್ಟ್, ಹಬ್, ಪವರ್. ಇದು ಸುಲಭ. ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರ ಪೋರ್ಟಿಗೆ ಹಾಕಿ ನೋಡಿ. ಮಾಧ್ಯಮದ ಕಥೆ ತಿಳಿಯೋಕೆ ಡ್ರೈವ್ ತಾನೇ ಬರೆದಿಟ್ಟುಕೊಳ್ಳೋ ಸ್ಮಾರ್ಟ್ ಅಂಕಿಗಳನ್ನು ಓದಬೇಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಇದನ್ನು ತೋರಿಸುತ್ತವೆ. ಸಾಟಾ ಹಾರ್ಡ್ ಡಿಸ್ಕ್‌ನಲ್ಲಿ 199ನೇ ಅಂಕಿ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ ಮೇಲೆ ಅನುಮಾನ. 5, 197, 198 ಏರುತ್ತಿದ್ದರೆ ಡಿಸ್ಕೇ ಹೋಗ್ತಿದೆ ಅಂತ ತಿಳ್ಕೊಳ್ಳಿ.

ಈ 197ರಲ್ಲಿ ಒಂದು ಮೋಸ ಇದೆ. ಓದಲು ಆಗದೆ ಕಾಯುತ್ತಿರೋ ಸೆಕ್ಟರ್‌ಗಳ ಲೆಕ್ಕ ಅದು. ಆ ಜಾಗಕ್ಕೆ ಹೊಸದಾಗಿ ಏನಾದರೂ ಬರೆದಾಗ ಡ್ರೈವ್ ತೀರ್ಮಾನ ಮಾಡುತ್ತೆ: ಜಾಗ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳುತ್ತೆ, ಇಲ್ಲದಿದ್ದರೆ ಬದಲಿ ಸೆಕ್ಟರ್ ಕೊಡುತ್ತೆ. ವಿಸ್ಟಾದಿಂದ ಈಚೆಗೆ ವಿಂಡೋಸ್‌ನ ಪೂರ್ತಿ ಫಾರ್ಮ್ಯಾಟ್ ಡಿಸ್ಕ್ ತುಂಬಾ ಸೊನ್ನೆ ಬರೆಯುತ್ತೆ. ಹಾಗಾಗಿ ಫಾರ್ಮ್ಯಾಟ್ ಮುಗಿದ ಮೇಲೆ ಆ ಅಂಕಿ ಸೊನ್ನೆಗೆ ಇಳಿಯಬಹುದು. ಆಗ ನಾವು "ಸರಿಹೋಯ್ತು ಮಗಾ" ಅಂತ ಬೆನ್ನು ತಟ್ಕೋತೀವಿ. ಡ್ರೈವ್ ಸರಿಯಾಗೋದು ಬೇರೆ, ಡೇಟಾ ಉಳಿಯೋದು ಬೇರೆ. ಸೊನ್ನೆಯಾಗಿದ್ದು ಅಂಕಿ ಮಾತ್ರ ಅಲ್ಲ, ಅಲ್ಲಿದ್ದ ರೀಡಿಂಗ್ ಕೂಡ.

ಹಾಗಾದರೆ ಏನು ಮಾಡಬೇಕು? ಮೊದಲು ಆ ಡಿಸ್ಕ್ ಮೇಲೆ ಬರೆಯೋದು ನಿಲ್ಲಿಸಿ. ಓದ್ತಾ ಇದ್ದರೆ ತೀರಾ ಬೇಕಾದ ಫೈಲ್‌ಗಳನ್ನು ಮೊದಲು ಬೇರೆ ಕಡೆಗೆ ಎಳ್ಕೊಳ್ಳಿ. ಎರರ್ ಜಾಸ್ತಿ ಇದ್ದರೆ ಲಿನಕ್ಸ್‌ನಲ್ಲಿ ಗ್ನೂ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕ್‌ನ ಇಮೇಜ್ ತೆಗೀರಿ. ಪರೀಕ್ಷೆಯಲ್ಲಿ ಗೊತ್ತಿರೋ ಪ್ರಶ್ನೆ ಮೊದಲು ಬರೆದು, ಗೊತ್ತಿಲ್ಲದ್ದನ್ನು ಕೊನೆಗೆ ಇಟ್ಕೋತೀವಲ್ಲ, ಅದೂ ಹಾಗೇ. ಸಲೀಸಾಗಿ ಓದೋ ಭಾಗ ಮೊದಲು ಕಾಪಿ ಮಾಡಿ, ಕೆಟ್ಟ ಭಾಗಕ್ಕೆ ಆಮೇಲೆ ಬರುತ್ತೆ. ಮ್ಯಾಪ್ ಫೈಲ್ ಕೊಟ್ಟಿದ್ದರೆ ಮಧ್ಯೆ ನಿಂತರೂ ಬಿಟ್ಟಲ್ಲಿಂದ ಮುಂದುವರಿಯುತ್ತೆ. ಒಂದೇ ಎಚ್ಚರ: ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಅಂತ ಎರಡು ಸಲ ನೋಡಿ. ಅದಲು ಬದಲಾದರೆ ಉಳಿದಿದ್ದೂ ಹೋಗುತ್ತೆ. ಚೆಕ್‌ಡಿಸ್ಕ್, ಟೆಸ್ಟ್‌ಡಿಸ್ಕ್, ಫೋಟೋರೆಕ್, ಎಲ್ಲ ಪ್ರಯೋಗವೂ ಆ ಕಾಪಿಯ ಮೇಲೆ ನಡೀಲಿ.

ಟಿಕ್ ಟಿಕ್ ಸದ್ದು ಬಂದರೆ ತಕ್ಷಣ ಕಿತ್ತುಬಿಡಿ. ಫ್ರಿಜ್ಜಲ್ಲಿಡು ಅನ್ನೋರ ಮಾತು ಕೇಳಬೇಡಿ, ತೇವ ಕೂತು ಇನ್ನೂ ಹಾಳಾಗುತ್ತೆ. ಡೇಟಾ ನಿಜಕ್ಕೂ ಬೇಕಿದ್ದರೆ ರಿಕವರಿ ಲ್ಯಾಬೇ ಗತಿ, ಅದರ ಬಿಲ್ ಹಗುರ ಇರಲ್ಲ.

ಪೆನ್‌ಡ್ರೈವ್, ಎಸ್ಎಸ್‌ಡಿಗಳು ಸದ್ದು ಮಾಡಿ ಎಚ್ಚರಿಸಲ್ಲ. ಬರೆಯಲು ಹೋದರೆ ರೈಟ್ ಪ್ರೊಟೆಕ್ಟೆಡ್ ಅಂತ ಬರಬಹುದು. ಎಸ್‌ಡಿ ಕಾರ್ಡ್ ಆದರೆ ಪಕ್ಕದ ಪುಟ್ಟ ಲಾಕ್ ನೋಡಿ. ಅದಲ್ಲದಿದ್ದರೆ, ಸವೆದ ಫ್ಲ್ಯಾಶ್ ಅನೇಕ ಸಲ ಓದಲು ಮಾತ್ರ ಬಿಟ್ಟು ಬರೆಯೋದನ್ನು ನಿಲ್ಲಿಸುತ್ತೆ. ಅದನ್ನು ದಾಟೋ ಟ್ರಿಕ್ ಹುಡುಕಬೇಡಿ. ಈಗಲೇ ಕಾಪಿ ಮಾಡ್ಕೋ ಅಂತ ಅದು ಕೊಟ್ಟಿರೋ ಕೊನೇ ಅವಕಾಶ ಅಂದ್ಕೊಳ್ಳಿ.

"ಇದೆಲ್ಲ ಯಾಕೆ, ಕ್ಲೌಡ್‌ಗೆ ಹಾಕಿದರಾಯ್ತು" ಅನ್ನಬಹುದು. ಹಾಕಿ, ಖಂಡಿತ ಹಾಕಿ. ಎರಡನೇ ಕಾಪಿ ಇದ್ದವರಿಗೆ ಈ ಲೇಖನವೇ ಬೇಡ. ಆದರೆ ಹಾಸ್ಟೆಲ್ ವೈಫೈನಲ್ಲಿ ನೂರಾರು ಜಿಬಿ ಏರಿಸೋ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋದು ನಮ್ಮ ಅಭ್ಯಾಸ.

ಓಎಸ್ ಪೇಪರ್‌ನಲ್ಲಿ ಡಿಸ್ಕ್ ಷೆಡ್ಯೂಲಿಂಗ್ ಲೆಕ್ಕ ಬಂದರೆ ಹೆಡ್ ಎಷ್ಟು ಟ್ರ್ಯಾಕ್ ಓಡಿತು ಅಂತ ಪಟಪಟ ಬರೀತೀವಿ. ಕೈಯಲ್ಲಿರೋ ಡಿಸ್ಕ್‌ನ ಹೆಡ್ ಒದ್ದಾಡುತ್ತಿದ್ದರೆ ಗೊತ್ತಾಗಲ್ಲ. ಡಿಪಾರ್ಟ್‌ಮೆಂಟಿನ ಸ್ಟೋರ್ ರೂಮಲ್ಲಿ ಕೆಟ್ಟ ಡಿಸ್ಕ್‌ಗಳು ಧೂಳು ತಿನ್ನುತ್ತಿವೆ. ಅವನ್ನಿಟ್ಟುಕೊಂಡು ಒಂದೇ ಒಂದು ಮಧ್ಯಾಹ್ನದ ಲ್ಯಾಬ್ ಮಾಡಿ ಅಂತ ನಮ್ಮ ಮೇಷ್ಟ್ರುಗಳನ್ನು ಕೇಳ್ತೀವಿ. ಸ್ಮಾರ್ಟ್ ಓದೋದು, ಇಮೇಜ್ ತೆಗೆಯೋದು, ಅಷ್ಟು ಕಲಿಸಿದರೆ ಸಾಕು.

ಗೈಡ್‌ಗೆ ಮೊದಲೇ ಕಳಿಸಿದ್ದ ಪಿಪಿಟಿಯ ನಾಲ್ಕು ಗ್ರಾಫ್‌ಗಳಲ್ಲೇ ಗೆಳೆಯನ ವೈವಾ ಮುಗಿಯಿತು. ರಾ ಡೇಟಾ ಎಲ್ಲಿ ಅಂತ ಎಕ್ಸ್‌ಟರ್ನಲ್ ಕೇಳಿದಾಗ ಅವನು "ಡಿಸ್ಕ್ ಹೋಯ್ತು ಸರ್" ಅಂದನಂತೆ. ನಾವು ಕೆಡಿಸಿದ್ವಿ ಅಂತ ಅವನು ಹೇಳಲಿಲ್ಲ. ಅದಕ್ಕೇ ನಾವು ಇಲ್ಲಿ ಹೇಳ್ತಿದ್ದೀವಿ.